ಮೂಲವ್ಯಾಧಿ ಆಪರೇಷನ್ ಆಯಿತು, ಇನ್ನು ಮನೆಗೆ ಹೋಗಿ: ಆದರೆ ಯಾವ ಮನೆಗೆ?

ಭಾಗ 1



ಈ ಸರಣಿಯಲ್ಲಿ ಮುಂದೆ ಯಾವ ಕಾಯಿಲೆಯ ಇತಿಹಾಸ ಬರೆಯಲಿ ಎಂದು ಕೇಳಿದ್ದೆ. ಕಾಮೆಂಟಿನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಬೆನ್ನು ನೋವು ಎಂದು ಬರೆದಿರಿ. ಇನ್‌ಬಾಕ್ಸಿಗೆ ಬಂದದ್ದು ಬೇರೆಯೇ. ಒಬ್ಬರಿಗೊಬ್ಬರಿಗೆ ಪರಿಚಯವಿಲ್ಲದ ಹಲವರು ಒಂದೇ ಮಾತು ಕೇಳಿದ್ದಾರೆ: "ಸಿಸ್ಟರ್, ಪೈಲ್ಸ್ ಆಪರೇಷನ್ ಆದಮೇಲೆ ಎಷ್ಟು ದಿನ ನೋವಿರುತ್ತದೆ?" ಬಹಿರಂಗವಾಗಿ ಒಬ್ಬರೂ ಕೇಳಲಿಲ್ಲ. ಹಾಗಾಗಿ ಬಹಿರಂಗವಾಗಿಯೇ ಬರೆಯುತ್ತೇನೆ.

ಶುರು ಮಾಡುವ ಮೊದಲು ಒಬ್ಬರ ವಿಷಯ. ವಿಜಯಪುರ ಕಡೆಯವರು, ಇಲ್ಲಿ ದೋಹಾದಲ್ಲಿ ಡ್ರೈವರ್ ಕೆಲಸ. ನಾಲ್ಕು ವರ್ಷ ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹಿಮೋಗ್ಲೋಬಿನ್ ತೀರಾ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಸ್ಥಿತಿಯಲ್ಲಿ ಬಂದರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, "ಅಕ್ಕಾರ, ಹೆಂಡ್ತಿಗೂ ಹೇಳಿಲ್ರಿ, ಹೆಂಗ್ ಹೇಳ್ಲಿ" ಅಂದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಡಿಸ್ಚಾರ್ಜ್ ಕಾಗದ ಕೊಟ್ಟು, ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿ, ನಾರಿನಂಶದ ಊಟ ಮಾಡಿ, ವಿಶ್ರಾಂತಿ ತಗೊಳ್ಳಿ ಎಂದು ಹೇಳಿದೆ. ಅವರು ಕಾಗದ ಮಡಚುತ್ತಾ ಅಂದದ್ದು: "ಅಕ್ಕಾರ, ರೂಮ್ನಾಗ ಆರು ಮಂದಿ ಅದೀವ್ರಿ, ಬಾತ್‌ರೂಮ್ ಒಂದ. ಹದಿನೈದು ಮಿನಿಟ ಯಾರ್ ಬಿಡ್ತಾರ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. "ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ" ಎಂಬ ಈ ಸಲಹೆ ಎಲ್ಲಿಂದ ಬಂತು, ಅದನ್ನು ಬರೆದವರ ಮನಸ್ಸಿನಲ್ಲಿ ಯಾವ ಮನೆಯಿತ್ತು ಎಂದು ಓದತೊಡಗಿದ್ದು ಆಮೇಲೆ.

ಭಾಗ 2: ಒಂದು ವಾರ್ಡು, ಹಲವು ಹೆಸರು

ನಮ್ಮ ವಾರ್ಡಿನಲ್ಲಿ ಈ ಕಾಯಿಲೆಗೆ ಎಷ್ಟು ಹೆಸರು ಕೇಳುತ್ತೇನೆ ಗೊತ್ತೇ? ಕತಾರಿನ ಅಜ್ಜ 'ಬವಾಸೀರ್' ಎನ್ನುತ್ತಾರೆ. ಪಕ್ಕದ ಬೆಡ್ಡಿನ ಪಾಕಿಸ್ತಾನಿಯೂ, ಉತ್ತರ ಭಾರತದ ಬಡಗಿಯೂ ಅದನ್ನೇ ಹೇಳುತ್ತಾರೆ. ಅರಬ್ಬಿಯ ಈ ಶಬ್ದ ಪಾರಸಿ, ಉರ್ದು ಹಾದು ನಮ್ಮ ದೇಶಕ್ಕೆ ಬಂದು ಎಷ್ಟೋ ಕಾಲವಾಯಿತು. ನನ್ನ ಫಿಲಿಪೀನ್ಸ್ ಗೆಳತಿ 'ಅಲ್ಮೊರಾನಸ್' ಎನ್ನುತ್ತಾಳೆ. ಅದು ಸ್ಪ್ಯಾನಿಷರು ಬಿಟ್ಟು ಹೋದ ಪದ. ಇಂಗ್ಲಿಷಿನ 'ಪೈಲ್ಸ್' ಲ್ಯಾಟಿನ್ನಿನಲ್ಲಿ ಚೆಂಡು ಎಂಬ ಅರ್ಥದ ಶಬ್ದದಿಂದ ಬಂದದ್ದು. 'ಹೆಮರಾಯ್ಡ್' ಗ್ರೀಕಿನದು, ರಕ್ತ ಹರಿಯುವುದು ಎಂದರ್ಥ.

ನಾವು ಮೂಲವ್ಯಾಧಿ ಎನ್ನುತ್ತೇವೆ. ಹಳಬರ ಬಾಯಲ್ಲಿ ಮೊಳೆ ರೋಗ. ಸಂಸ್ಕೃತದ ವೈದ್ಯರು ಅರ್ಶ ಎಂದರು. ಶತ್ರುವಿನ ಹಾಗೆ ಹಿಂಸಿಸುವ ಮಾಂಸದ ಮೊಳೆಗಳು ಎಂದು ವಾಗ್ಭಟ ಅದನ್ನು ವಿವರಿಸುತ್ತಾನೆ. ಸುಶ್ರುತನು ಗುಣಪಡಿಸಲು ಕಷ್ಟವಾದ ಎಂಟು ಮಹಾರೋಗಗಳನ್ನು ಹೆಸರಿಸುವಾಗ ಪ್ರಮೇಹ, ಕುಷ್ಠಗಳ ಸಾಲಿನಲ್ಲೇ ಅರ್ಶವನ್ನೂ ಇಟ್ಟಿದ್ದಾನೆ. ನಾವು ನಗೆಯಾಡಿ ಮುಚ್ಚಿಡುವ ಕಾಯಿಲೆಯನ್ನು ಅವರು ಅಷ್ಟು ಗಂಭೀರವಾಗಿ ನೋಡಿದ್ದರು.

ಸುಶ್ರುತ ಸಂಹಿತೆ ಹೇಳುವ ಚಿಕಿತ್ಸೆ ನಾಲ್ಕು ಬಗೆ: ಔಷಧ, ಕ್ಷಾರ ಹಚ್ಚಿ ಸುಡುವುದು, ಬೆಂಕಿಯಿಂದ ಸುಡುವುದು, ಶಸ್ತ್ರದಿಂದ ಕತ್ತರಿಸುವುದು. ಒಳಗೆ ನೋಡಲು ಹಸುವಿನ ಮೊಲೆಯಾಕಾರದ ಒಂದು ಯಂತ್ರ, ಉದ್ದ ನಾಲ್ಕು ಅಂಗುಲ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಅಳತೆ. ಇಂದು ನಾವು ಡಾಕ್ಟರ ಕೈಗೆ ಕೊಡುವ ಪ್ರೋಕ್ಟೋಸ್ಕೋಪಿನ ಅಜ್ಜ ಅದು ಎನ್ನಬಹುದು. ಮೊಳೆಗಳು ಹಲವು ಇದ್ದರೆ ಎಲ್ಲವನ್ನೂ ಒಟ್ಟಿಗೆ ಮುಟ್ಟಬಾರದು, ಏಳು ರಾತ್ರಿಗೊಮ್ಮೆ ಒಂದೊಂದಾಗಿ ಮಾಡಬೇಕು ಎಂಬ ನಿಯಮವೂ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಾಲುಗಳು. ಕ್ಷಾರದ ಕೆಲಸ ಮುಗಿದ ಮೇಲೆ ರೋಗಿಯನ್ನು ಎಬ್ಬಿಸಿ ಬಿಸಿನೀರಿನಲ್ಲಿ ಕೂರಿಸಬೇಕು, ಮೇಲಿನಿಂದ ತಣ್ಣೀರು ಹನಿಸಬೇಕು, ಬೆಚ್ಚಗಿನ ನೀರೇ ಆಗಬೇಕು ಎಂದು ಕೆಲವರ ಮತ. ಆಮೇಲೆ ಗಾಳಿ ನುಗ್ಗದ ಕೋಣೆಗೆ ಕರೆದೊಯ್ದು, ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸಬೇಕು.

ನಾವು ಸಿಟ್ಜ್ ಬಾತ್ ಎಂದು ಕಾಗದದಲ್ಲಿ ಬರೆದುಕೊಡುವುದು ಇದನ್ನೇ. ಡಿಸ್ಚಾರ್ಜ್ ಸಲಹೆಯೂ ಇದೇ. ನೀರು ತಣ್ಣಗಿರಬೇಕೋ ಬೆಚ್ಚಗೋ ಎಂಬ ಜಗಳ ಕೂಡ ಆಗಲೇ ಇತ್ತು!

ಚರಕ ಸಂಹಿತೆ ಇನ್ನೊಂದು ದಾರಿ ಹಿಡಿಯುತ್ತದೆ. ಕತ್ತರಿಸುವುದು, ಸುಡುವುದು ತಿಳಿದವರ ಕೆಲಸ, ತಪ್ಪಿದರೆ ಅಪಾಯ ಎಂದು ಅಪಾಯಗಳನ್ನು ಪಟ್ಟಿ ಮಾಡುತ್ತದೆ: ಊತ, ಕಡು ನೋವು, ಮಲಮೂತ್ರ ಕಟ್ಟುವುದು, ವಿಪರೀತ ರಕ್ತ, ಮತ್ತೆ ಬೆಳೆಯುವುದು, ಗುದ ಹೊರಜಾರುವುದು, ಕೊನೆಗೆ ಸಾವು. ಇಂದಿನ ಸಮ್ಮತಿ ಪತ್ರದಲ್ಲಿ ರೋಗಿಯಿಂದ ಸಹಿ ಹಾಕಿಸುವಾಗ ನಾವು ಓದಿ ಹೇಳುವ ಪಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚರಕ ಹೊಗಳುವುದು ಮಜ್ಜಿಗೆಯನ್ನು. ನಮ್ಮ ಅಜ್ಜಿಯಂದಿರು ಮಜ್ಜಿಗೆ ಕುಡಿ, ಸುವರ್ಣಗೆಡ್ಡೆ ತಿನ್ನು ಎಂದದ್ದರ ಹಿಂದೆ ಇಷ್ಟು ಹಳೆಯ ನೆನಪಿದೆ. ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನ ಎಂದೇ ಹೆಸರು.

ಭಾಗ 3: ಸುಟ್ಟ ಗುರುತು

ಇಲ್ಲಿನ ವಯಸ್ಸಾದವರ ಮೈಮೇಲೆ ಕೆಲವೊಮ್ಮೆ ಹಳೆಯ ಸುಟ್ಟ ಗುರುತುಗಳು ಕಾಣುತ್ತವೆ. ಅದಕ್ಕೆ 'ಕಯ್' ಎನ್ನುತ್ತಾರೆ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು. ಕೊನೆಯ ಔಷಧಿ ಬರೆ ಎಂಬ ಅರ್ಥದ ಗಾದೆಯೇ ಅರಬ್ಬಿಯಲ್ಲಿದೆ. ನಮ್ಮ ಹಳ್ಳಿಗಳಲ್ಲೂ ಮಕ್ಕಳಿಗೆ ಬರೆ ಹಾಕುತ್ತಿದ್ದರಲ್ಲ, ಅದೇ ನಂಬಿಕೆ.

ಮೂಲವ್ಯಾಧಿಗೂ ಇದೇ ಆಗುತ್ತಿತ್ತು. ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ಗ್ರೀಕ್ ಗ್ರಂಥಗಳಲ್ಲಿ ಮೂಲವ್ಯಾಧಿಯ ಮೇಲೆಯೇ ಒಂದು ಪುಟ್ಟ ಪುಸ್ತಕವಿದೆ. ಕಬ್ಬಿಣ ಕಾಯಿಸಿ ಸುಡಬೇಕು, ರೋಗಿ ಕೂಗಿಕೊಂಡರೆ ಕೂಗಲಿ, ಕೂಗಿದಾಗ ಮೊಳೆ ಇನ್ನಷ್ಟು ಹೊರಗೆ ಬರುತ್ತದೆ ಎನ್ನುತ್ತದೆ ಅದು. ಓದುವಾಗ ನನ್ನ ಮೈ ಜುಮ್ಮೆಂದಿತು. ಹತ್ತನೇ ಶತಮಾನದ ಕಾರ್ಡೋಬಾದ ಅಲ್ ಜಹ್ರಾವಿ ತನ್ನ ದೊಡ್ಡ ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಉಪಕರಣಗಳ ಚಿತ್ರ ಬಿಡಿಸಿ, ದಾರ ಕಟ್ಟುವುದು, ಸುಡುವುದು ಎರಡನ್ನೂ ವಿವರಿಸಿದ.

ಬೇಡ ಎಂದವರೂ ಇದ್ದರು. ಹನ್ನೆರಡನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನಲ್ಲಿದ್ದ ಯಹೂದಿ ವೈದ್ಯ, ತತ್ವಜ್ಞಾನಿ ಮೈಮೊನಿಡಿಸ್, ದೊಡ್ಡ ಮನೆತನದ ಒಬ್ಬ ಯುವಕನಿಗಾಗಿ ಅರಬ್ಬಿಯಲ್ಲಿ ಬವಾಸೀರ್ ಕುರಿತು ಏಳು ಅಧ್ಯಾಯಗಳ ಪುಸ್ತಕ ಬರೆದ. ಅವನ ವಾದ ಸರಳ. ಮೊಳೆ ಕತ್ತರಿಸಿದರೆ ಮೊಳೆ ಹೋಯಿತು, ಅದನ್ನು ತಂದ ಕಾರಣ ಹೋಗಲಿಲ್ಲ. ಹಾಗಾಗಿ ಮಲಬದ್ಧತೆಯಾಗದಂತೆ ನೋಡಿಕೋ, ಹಗುರ ಊಟ ಮಾಡು, ಬೆಚ್ಚಗಿನ ನೀರಿನಲ್ಲಿ ಕೂರು. ಎಂಟುನೂರು ವರ್ಷದ ನಂತರವೂ ನಾನು ರೋಗಿಗೆ ಕೊನೆಯಲ್ಲಿ ಹೇಳುವುದು ಇದೇ ಮಾತು.

ಭಾಗ 4: ಲಂಡನ್ನಿನ ಏಳು ಹಾಸಿಗೆ, ಮುಂಬಯಿಯ ಒಂದು ಹಾಸಿಗೆ

1835ರಲ್ಲಿ ಫ್ರೆಡೆರಿಕ್ ಸಾಲ್ಮನ್ ಎಂಬ ಸರ್ಜನ್ ಲಂಡನ್ನಿನಲ್ಲಿ ಏಳು ಹಾಸಿಗೆಯ ಒಂದು ಸಣ್ಣ ಆಸ್ಪತ್ರೆ ತೆರೆದ. ಭಗಂದರ ಮತ್ತು ಗುದದ ಇತರ ಕಾಯಿಲೆಗಳಿಂದ ನರಳುವ ಬಡವರಿಗಾಗಿ ಎಂದು ಹೆಸರಿನಲ್ಲೇ ಹೇಳಿದ್ದ. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಯಿತು. 1841ರ ಅಕ್ಟೋಬರಿನಲ್ಲಿ ಸಾಲ್ಮನ್‌ನ ಕತ್ತಿಯ ಕೆಳಗೆ ಮಲಗಿದವನು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಭಗಂದರದ ಆಪರೇಷನ್ನಿಗೆ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವುದು ಲೋಕಕ್ಕೆ ಗೊತ್ತಾದದ್ದು 1846ರಲ್ಲಿ. ಅಂದರೆ ಡಿಕನ್ಸ್ ಎಚ್ಚರವಿದ್ದೇ ಎಲ್ಲವನ್ನೂ ಅನುಭವಿಸಿದ. ಮುಂದಿನ ಜನವರಿಯಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೊರಟ. ಚೇತರಿಸಿಕೊಳ್ಳಲು ಅವನಿಗೆ ಮನೆಯಿತ್ತು, ಸೋಫಾ ಇತ್ತು, ನೋಡಿಕೊಳ್ಳುವವರಿದ್ದರು.

ಆ ಶತಮಾನದಲ್ಲಿ ಆಪರೇಷನ್ ಆದಮೇಲೆ ಅಫೀಮು ಕೊಟ್ಟು ಕೆಲವು ದಿನ ಮಲವನ್ನು ತಡೆಯುತ್ತಿದ್ದರು, ಗಾಯಕ್ಕೆ ಆರಾಮ ಸಿಗಲಿ ಎಂದು. ಆಮೇಲೆ ಹರಳೆಣ್ಣೆ. ಆ ಮೊದಲ ಸಲದ ನೋವು ಹೇಗಿರುತ್ತಿತ್ತೋ ಊಹಿಸಿ. ಈಗ ನಾವು ಪೂರ್ತಿ ಉಲ್ಟಾ: ಮೊದಲ ದಿನದಿಂದಲೇ ಮಲ ಮೆದುವಾಗಿಡುವ ಔಷಧಿ. ಆದರೆ ಅಫೀಮಿನ ಪಾಠ ಹಳತಾಗಿಲ್ಲ. ಟ್ರಮಡಾಲ್, ಕೋಡೀನ್ ಆ ಜಾತಿಯವೇ. ನೋವು ತಗ್ಗಿಸುತ್ತವೆ, ಹೊಟ್ಟೆ ಕಟ್ಟುತ್ತವೆ.

1882ರಲ್ಲಿ ಮ್ಯಾಂಚೆಸ್ಟರಿನ ವಾಲ್ಟರ್ ವೈಟ್‌ಹೆಡ್ ಸುತ್ತಲಿನ ಪದರವನ್ನೇ ಕತ್ತರಿಸಿ ತೆಗೆಯುವ ವಿಧಾನ ತಂದ. ಅದನ್ನು ಸರಿಯಾಗಿ ಮಾಡಲಾಗದವರ ಕೈಯಲ್ಲಿ ಎಷ್ಟೋ ರೋಗಿಗಳು ಜೀವಮಾನವಿಡೀ ಒದ್ದೆ ಬಟ್ಟೆಯಲ್ಲಿ ಬದುಕಬೇಕಾಯಿತು. 1937ರಲ್ಲಿ ಸೇಂಟ್ ಮಾರ್ಕ್ಸ್‌ನ ಮಿಲಿಗನ್, ಮಾರ್ಗನ್ ಮತ್ತು ಜೊತೆಗಾರರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನ ನಿಂತಿತು. ಮೂರು ಮೊಳೆ ತೆಗೆದು, ಮೂರು ಗಾಯ ತೆರೆದೇ ಬಿಟ್ಟು, ನಡುವೆ ಚರ್ಮದ ಸೇತುವೆ ಉಳಿಸುವುದು. ಮೂರೆಸಳಿನ ಎಲೆಯ ಹಾಗೆ ಕಾಣುತ್ತದೆ. ಗಾಯ ತೆರೆದಿರುವುದರಿಂದ ಮಾಯಲು ನಾಲ್ಕರಿಂದ ಆರು ವಾರ ಬೇಕು. 1959ರಲ್ಲಿ ಅಮೆರಿಕದ ಫರ್ಗುಸನ್ ಮತ್ತು ಹೀಟನ್ ಗಾಯ ಹೊಲಿಯುವ ವಿಧಾನ ಹೇಳಿದರು. 1963ರಲ್ಲಿ ಬ್ಯಾರನ್ ರಬ್ಬರ್ ಬ್ಯಾಂಡ್ ಹಾಕುವುದನ್ನು ಬಳಕೆಗೆ ತಂದ. 1998ರಲ್ಲಿ ಇಟಲಿಯ ಲೊಂಗೊ ಸ್ಟೇಪ್ಲರ್ ತಂದ. ನಮ್ಮ ಕಡೆ ಕ್ಷಾರಸೂತ್ರ ಮತ್ತೆ ಜೀವ ಪಡೆದದ್ದು 1960ರ ದಶಕದಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಪಿ. ಜೆ. ದೇಶಪಾಂಡೆಯವರ ತಂಡದಿಂದ: ಕಳ್ಳಿ ಹಾಲು, ಉತ್ತರಣೆಯ ಕ್ಷಾರ, ಅರಿಸಿನ ಲೇಪಿಸಿದ ದಾರ.

ಈಗ ಮುಂಬಯಿಗೆ ಬನ್ನಿ. 1918ರಲ್ಲಿ ಗಾಂಧೀಜಿಗೆ ಖೇಡಾ ಜಿಲ್ಲೆಯ ಓಡಾಟದ ನಂತರ ಭಾರಿ ಆಮಶಂಕೆ ಆಯಿತು. ಅದರಿಂದ ಗುದದಲ್ಲಿ ಬಿರುಕು ಬಿಟ್ಟಿತು. ಮೂಲವ್ಯಾಧಿಯ ನೆರೆಮನೆಯ ಕಾಯಿಲೆ, ನಾವು ಫಿಷರ್ ಎನ್ನುವುದು. ಶೌಚಕ್ಕೆ ಹೋದರೆ ಎಷ್ಟು ನೋವೆಂದರೆ ಊಟ ಎಂದರೇ ಭಯವಾಗುತ್ತಿತ್ತು ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಹವೆ ಬದಲಿಸಲು ಮಾಥೇರಾನಿಗೆ ಹೋದರು, ಅಲ್ಲಿನ ಗಡಸು ನೀರು ಒಗ್ಗದೆ ವಾರದೊಳಗೆ ಮರಳಿದರು. ಡಾ. ದಲಾಲ್ ಹಾಲು ಕುಡಿಯದೆ ನಿಮ್ಮ ದೇಹ ಕಟ್ಟಲಾಗದು ಎಂದರು. ಹಾಲು ಬಿಡುವ ವ್ರತ ತೊಟ್ಟವರು ಹೇಗೆ ಕುಡಿದಾರು? ಪಕ್ಕದಲ್ಲಿದ್ದ ಕಸ್ತೂರಬಾ, ಹಾಗಾದರೆ ಮೇಕೆ ಹಾಲಿಗೆ ತಕರಾರಿಲ್ಲ ತಾನೇ ಎಂದರು. ಗಾಂಧೀಜಿಯ ಮೇಕೆ ಹಾಲು ಶುರುವಾದದ್ದು ಅಲ್ಲಿಂದ. ಆಮೇಲೆ, 1919ರ ಆರಂಭದಲ್ಲಿ, ಡಾ. ದಲಾಲ್ ಬಿರುಕಿನ ಆಪರೇಷನ್ ಮಾಡಿದರು.

ಇನ್ನೂ ಸರಿಯಾಗಿ ಚೇತರಿಸಿಕೊಂಡಿರಲಿಲ್ಲ, ಪತ್ರಿಕೆಯಲ್ಲಿ ರೌಲಟ್ ಸಮಿತಿಯ ವರದಿ ಓದಿದರು. ದಿನವೂ ನೋಡಲು ಬರುತ್ತಿದ್ದ ವಲ್ಲಭಭಾಯಿ ಪಟೇಲರ ಹತ್ತಿರ ಆತಂಕ ಹೇಳಿಕೊಂಡರು. 1919ರ ಏಪ್ರಿಲ್ 6ರ ದೇಶವ್ಯಾಪಿ ಹರತಾಳದ ಬೀಜ ಬಿದ್ದದ್ದು ಆ ಚೇತರಿಕೆಯ ದಿನಗಳಲ್ಲಿ. ಸಭೆಗಳಲ್ಲಿ ನಿಂತು ಮಾತಾಡಲು ಹೋದರೆ ಮೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು ಎಂದೂ ಬರೆದಿದ್ದಾರೆ.

ಇದನ್ನು ಏಕೆ ಇಷ್ಟು ವಿವರವಾಗಿ ಹೇಳಿದೆ ಅಂದರೆ, ಕೋಟ್ಯಂತರ ಜನ ಓದುವ ಪುಸ್ತಕದಲ್ಲಿ ಗಾಂಧೀಜಿ ಬರೆದುಕೊಂಡ ನೋವನ್ನು ನಮ್ಮ ಡ್ರೈವರಣ್ಣ ಹೆಂಡತಿಗೆ ಫೋನಿನಲ್ಲೂ ಹೇಳಲಾರದೆ ಹೋದರು. ಇನ್ನೊಂದು ಕಾರಣ: ಊಟದ ಭಯ. ನೋವಿಗೆ ಹೆದರಿ ತಿನ್ನುವುದಿಲ್ಲ, ತಿನ್ನದಿದ್ದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ನೋವು ಇಮ್ಮಡಿ. ಆಪರೇಷನ್ ಆದ ಎಲ್ಲರೂ ಬೀಳುವ ಹೊಂಡ ಇದು.

ಭಾಗ 5: ಮನೆ ಎಂಬ ವಾರ್ಡು

ಹಿಂದೆ ಇಂಥ ರೋಗಿಗಳು ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರುತ್ತಿದ್ದರು. ಬೆಚ್ಚಗಿನ ನೀರು ಕಾಯಿಸುವುದು, ಬಟ್ಟೆ ಬದಲಿಸುವುದು, ಹೊಟ್ಟೆ ಹೋಯಿತೇ ಎಂದು ಚಾರ್ಟಿನಲ್ಲಿ ಬರೆಯುವುದು ನರ್ಸುಗಳ ಕೆಲಸ. ಅದು ಬದಲಾದ ಕಥೆಯಲ್ಲಿ ಒಂದು ಮುಖ್ಯ ಹೆಸರು ಗ್ಲಾಸ್ಗೋದ ಜೇಮ್ಸ್ ನಿಕೋಲ್. ಮಕ್ಕಳಿಗೆ ಆಪರೇಷನ್ ಮಾಡಿ ಅದೇ ದಿನ ತಾಯಂದಿರ ಕೈಗೆ ಕೊಟ್ಟು ಕಳಿಸಿದ ಸುಮಾರು 9000 ಪ್ರಕರಣಗಳ ಬಗ್ಗೆ ಆತ 1909ರಲ್ಲಿ ವರದಿ ಮಾಡಿದ. ಆದರೆ ಮನೆಯ ಸ್ಥಿತಿ ಸರಿಯಿರಬೇಕು, ನರ್ಸು ಮನೆಗೆ ಹೋಗಿ ನೋಡಿ ಬರಬೇಕು ಎಂಬುದೂ ಆ ಏರ್ಪಾಡಿನ ಭಾಗವಾಗಿತ್ತು.

ನೂರು ವರ್ಷದಲ್ಲಿ ಬೇಗ ಮನೆಗೆ ಕಳಿಸುವ ಭಾಗ ಎಲ್ಲ ದೇಶಕ್ಕೂ ಹೋಯಿತು. ಹಾಸಿಗೆ ಉಳಿಯಿತು, ಸೋಂಕು, ಕಾಲಿನ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಯಿತು. ಒಳ್ಳೆಯದೇ. ಮನೆ ಹೇಗಿದೆ ಎಂದು ಕೇಳುವ ಭಾಗ ಮಾತ್ರ ದಾರಿಯಲ್ಲಿ ಉದುರಿತು. ನರ್ಸಿನ ಕೆಲಸ ಮನೆಯವರ ಹೆಗಲಿಗೆ, ಹೆಚ್ಚಾಗಿ ಹೆಂಡತಿ, ತಾಯಿ, ಅಕ್ಕನ ಹೆಗಲಿಗೆ ದಾಟಿತು. ಅವರು ಸಮುದ್ರದ ಆಚೆ ಇದ್ದರೆ?

ಕತಾರಿನಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. 1957ರಲ್ಲಿ ರುಮೈಲಾ ಆಸ್ಪತ್ರೆ, 1982ರಲ್ಲಿ ಹಮದ್ ಜನರಲ್, 2018ರಲ್ಲಿ ಇಂಡಸ್ಟ್ರಿಯಲ್ ಏರಿಯಾದ ಬಳಿ ಹಜ್ಮ್ ಮುಬೈರೀಕ್ ಬಂತು. 2004ರ ಕಾರ್ಮಿಕ ಕಾನೂನು ಮೂರು ತಿಂಗಳು ಕೆಲಸ ಮಾಡಿದವರಿಗೆ ವೈದ್ಯರ ಪತ್ರವಿದ್ದರೆ ವರ್ಷಕ್ಕೆ ಎರಡು ವಾರ ಪೂರ್ಣ ಸಂಬಳದ, ಮುಂದೆ ನಾಲ್ಕು ವಾರ ಅರ್ಧ ಸಂಬಳದ ರಜೆ ಕೊಡುತ್ತದೆ. ತೆರೆದ ಗಾಯ ಮಾಯಲು ಬೇಕಾದ ಆರು ವಾರಕ್ಕೆ ಲೆಕ್ಕ ಸರಿಯಾಗಿಯೇ ಇದೆ ನೋಡಿ. ಆದರೆ ಮನೆಗೆಲಸದವರು ಆ ಕಾನೂನಿನ ಹೊರಗೆ, ಅವರಿಗೆ 2017ರದು ಬೇರೆ ಕಾನೂನು. ರಜೆ ಕೇಳಲು ಕಾಯಿಲೆಯ ಹೆಸರು ಹೇಳಬೇಕಲ್ಲ ಎಂದು ನಾಚಿ, ಗಾಯದ ಮೇಲೆಯೇ ಸ್ಟೇರಿಂಗ್ ಹಿಡಿದು ಕೂತವರನ್ನು ನೋಡಿದ್ದೇನೆ. ರಜೆ ಪತ್ರದಲ್ಲಿ ಆಪರೇಷನ್ ಎಂದಿದ್ದರೆ ಸಾಕೇ ಎಂದು ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ಇಲ್ಲಿ ರೂಮಿನಲ್ಲಿರುವವರಿಗೆ ನನ್ನ ಮಾತು.

ನೀರು: ಬೇಸಿಗೆಯಲ್ಲಿ ಛಾವಣಿಯ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಯಲ್ಲೇ ಸುಡುವ ನೀರು ಬರುತ್ತದೆ. ಗಾಯದ ಜಾಗಕ್ಕೆ ಶತ್ತಾಫ್ ಹಿಡಿಯುವ ಮೊದಲು ಕೈಗೆ ಬಿಟ್ಟು ನೋಡಿ, ರಭಸ ಕಡಿಮೆ ಮಾಡಿ. ಹೀಟರ್ ಆಫ್ ಮಾಡಿದರೆ ಒಳಗಿರುವ ಗೀಸರಿನ ನೀರು ಎಸಿಯ ತಂಪಿಗೆ ಹದವಾಗುತ್ತದೆ, ಈ ಉಪಾಯ ಗಲ್ಫಿನವರಿಗೆಲ್ಲ ಗೊತ್ತು. ಟಬ್ಬಿನ ನೀರು ಮೊಣಕೈಗೆ ಹಿತವಾಗಿರಬೇಕು. ಹತ್ತು ಹದಿನೈದು ನಿಮಿಷ ಸಾಕು. ಡೆಟ್ಟಾಲ್ ಸುರಿಯಬೇಡಿ. ಇದರಿಂದ ಗಾಯ ಬೇಗ ಮಾಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ. ಸ್ನಾಯು ಸಡಿಲವಾಗಿ ನೋವು ಇಳಿಯುತ್ತದೆ, ಜಾಗ ಶುಚಿಯಾಗುತ್ತದೆ, ಅಷ್ಟು ಸಾಕಲ್ಲ. ಟಬ್ಬಿಗೆ ಜಾಗವೇ ಇಲ್ಲದಿದ್ದರೆ ಶೌಚದ ನಂತರ ಬೆಚ್ಚಗಿನ ನೀರು ಮೆಲ್ಲಗೆ ಹಾಕಿ ತೊಳೆದು, ಒರಸದೆ ಒತ್ತಿ ಒಣಗಿಸಿ. ಸಾಧ್ಯವಾಗಲಿಲ್ಲ ಎಂದು ಕೊರಗಬೇಡಿ.

ಊಟ: 1970ರ ದಶಕದಲ್ಲಿ ಉಗಾಂಡಾದಲ್ಲಿ ಕೆಲಸ ಮಾಡಿ ಬಂದ ಸರ್ಜನ್ ಡೆನಿಸ್ ಬರ್ಕಿಟ್ ನಾರಿನಂಶದ ಊಟದ ಮಹತ್ವ ಸಾರಿದರು. ನಮ್ಮ ರಾಗಿ, ಸೊಪ್ಪು, ಕಾಳು ಅದೇ ತಾನೇ. ಇಸಬ್‌ಗೋಲು ಇಲ್ಲಿಯೂ ಸಿಗುತ್ತದೆ. ಪಾರಸಿಯಲ್ಲಿ ಕುದುರೆ ಕಿವಿ ಎಂದರ್ಥವಂತೆ, ಬೀಜದ ಆಕಾರಕ್ಕೆ. ಧಾರಾಳ ನೀರಿನ ಜೊತೆ ತೆಗೆದುಕೊಳ್ಳದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ, ನೆನಪಿರಲಿ. ಡಾಕ್ಟರ್ ಕೊಟ್ಟ ಮಲ ಮೆದುವಾಗಿಸುವ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ.

ಮಾತ್ರೆ: ಊರಿಂದ ಬರುವವರ ಕೈಲಿ ಟ್ರಮಡಾಲ್, ಕೋಡೀನ್ ತರಿಸಬೇಡಿ. ಇಲ್ಲಿ ಅವು ನಿಯಂತ್ರಿತ ಔಷಧಿ, ತಂದವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾರೆ.

ನೋವು: ಮೊದಲ ವಾರ ಕಠಿಣ, ಮೊದಲ ಶೌಚ ಅತಿ ಕಠಿಣ. ಆಮೇಲೆ ದಿನದಿಂದ ದಿನಕ್ಕೆ ಇಳಿಯಬೇಕು. ಶೌಚದ ಜೊತೆ ಒಂದೆರಡು ಹನಿ ರಕ್ತ ಸಾಮಾನ್ಯ. ಒಂದು ವಾರ ಕಳೆದು ಎಲ್ಲ ಸರಿಹೋಯಿತು ಅನ್ನುವಾಗ ಒಮ್ಮೆಲೆ ಜೋರಾಗಿ ರಕ್ತ ಬರಬಹುದು. ಬಟ್ಟೆ ತೊಯ್ಯುವಷ್ಟು ಬಂದರೆ, ತಲೆ ತಿರುಗಿದರೆ, ಮೂತ್ರ ಕಟ್ಟಿದರೆ, ಜ್ವರದ ಜೊತೆ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. 999ಕ್ಕೆ ಫೋನ್ ಮಾಡಿ. ಚರಕನ ಪಟ್ಟಿ ನೆನಪಿದೆಯಲ್ಲ?

ಕೊನೆಯದಾಗಿ, ರಕ್ತ ಹೋಗುವುದೆಲ್ಲ ಮೂಲವ್ಯಾಧಿಯಲ್ಲ. ಕರುಳಿನ ಕ್ಯಾನ್ಸರೂ ಹಾಗೆಯೇ ಶುರುವಾಗಬಹುದು. ತೋರಿಸಿಕೊಂಡ ಮೇಲೆ ಮಾತ್ರ ಅದು ಪೈಲ್ಸ್ ಎನ್ನಿ.

ಡ್ರೈವರಣ್ಣನ ಕಥೆ ಹೇಗೆ ಮುಗಿಯಿತು ಅಂತೀರಾ? ಅವರು ಕೊನೆಗೆ ರೂಮಿನಲ್ಲಿ ಹಿರಿಯರಾದ ಒಬ್ಬ ಕೇರಳದ ಕಾಕನಿಗೆ ವಿಷಯ ಹೇಳಿದರಂತೆ. ಕಾಕ ನಕ್ಕು, ನನಗೂ ಆಗಿತ್ತು ಎಂದರಂತೆ. ಮರುದಿನದಿಂದ ಬೆಳಿಗ್ಗೆ ನಾಲ್ಕೂವರೆಗೆ, ಬೇರೆಯವರು ಏಳುವ ಮೊದಲು, ಬಾತ್‌ರೂಮ್ ಅವರದು. ಟಬ್ ಕೂಡ ಕಾಕನೇ ತಂದುಕೊಟ್ಟರು. ಫಾಲೋಅಪ್ಪಿಗೆ ಬಂದಾಗ "ಅಕ್ಕಾರ, ಹೆಂಡ್ತಿಗೂ ಹೇಳಿದ್ನಿ, ಅತ್ಲು, ಆಮ್ಯಾಲೆ ಬೈದ್ಲು" ಅಂದರು.

ಸುಶ್ರುತ ಹೇಳಿದ ಗಾಳಿ ನುಗ್ಗದ ಕೋಣೆ ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ರೂಮಿನಲ್ಲಿ ಯಾರಾದರೂ ಆಪರೇಷನ್ ಆಗಿ ಬಂದರೆ ಬಾತ್‌ರೂಮಿನ ಹದಿನೈದು ನಿಮಿಷ ಬಿಟ್ಟುಕೊಡಿ. ಏನಾಗಿದೆ ಎಂದು ಕೆದಕಬೇಡಿ, ನಗಬೇಡಿ.

ಕೇಳುವುದಿದ್ದರೆ ಕೇಳಿ. ಇನ್‌ಬಾಕ್ಸಾದರೂ ಸರಿ.